ಇಂಥ ದಿನದಿಂದ ಇಂಥ ದಿನದವರೆಗೆ

ಸರಕಾರದ ಕಚೇರಿಗಳಿಗೆ ಹೋಗಿ ಜನರು ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟು ಒಂದೇ ಬಗೆಯವು. ಇಂಥ ದಿನದಿಂದ ಇಂಥ ದಿನದವರೆಗೆ ಈ ಹೊಲದ ಮೇಲೆ ಏನೇನು ನಡೆಯಿತು? ಯಾರು ಕೊಟ್ಟರು, ಯಾರು ಕೊಂಡರು, ಯಾರು ಗಹಾಣ ಇಟ್ಟರು, ಬಿಡಿಸಿಕೊಂಡರೋ ಇಲ್ಲವೋ? ಪ್ರಶ್ನೆ ಸರಳವಾದದ್ದು; ಕನ್ನಡ ಶಾಲೆಯ ಹುಡುಗನಿಗೂ ತಿಳಿಯುವಂಥದು. ಉತ್ತರ ದೊರೆಯುವದು ಮಾತ್ರ ಏಕಿಷ್ಟು ದುರ್ಲಭವಾಗಿದೆ, ಅದನ್ನು ಸುಲಭಗೊಳಿಸುವದರಲ್ಲಿ ಕಲಾ ಕಾಲೇಜಿನ ನಮಗೇನಾದರೂ ಕೆಲಸವುಂಟೋ ಎಂಬದನ್ನು ವಾಚಕರ ಮುಂದೆ ಇಡಬೇಕೆಂದಿದ್ದೇನೆ. ನಾನು ಯಂತ್ರಶಾಸ್ತ್ರ ಓದಿದವಳಲ್ಲ; ವಕೀಲಿಯನ್ನೂ ಓದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಾದ್ದರಿಂದ ಮನೆಗೆ ಬರುವ ಸರಕಾರಿ ಕಾಗದಗಳನ್ನೆಲ್ಲ ಓದಿ ಹೇಳುವ ಉದ್ಯೋಗ ನನ್ನ ಪಾಲಿಗೆ ಬಂದಿದೆ. ಈ ವಿಚಾರಗಳು ಹುಟ್ಟಿದ್ದು ಆ ಉದ್ಯೋಗದಿಂದ.

ಮೇಲಿನ ಪ್ರಶ್ನೆಗೆ ಸಬ್ ರಜಿಸ್ಟ್ರಾರ ಕಚೇರಿಯು ಕೊಡುವ ಉತ್ತರಕ್ಕೆ ಋಣಭಾರ ಪ್ರಮಾಣಪತ್ರವೆಂದು ಹೆಸರು, ಆಡುಮಾತಿನಲ್ಲಿ ಇ.ಸಿ. ಸಾಲ ಕೊಡುವವರು ಕೆಲವರು 13 ವರ್ಷಗಳದನ್ನು ಕೇಳುತ್ತಾರೆ, ಕೆಲವರು 30 ವರ್ಷಗಳದನ್ನು. ವ್ಯವಹಾರ ಕಂಡುಬಂದರೆ 15ನೆಯ ನಮೂನೆಯಲ್ಲಿ ಕೊಡುತ್ತಾರೆ. ಏನೂ ಕಂಡುಬರದಿದ್ದರೆ 16ನೆಯ ನಮೂನೆಯಲ್ಲಿ. ನಮ್ಮ ರಾಜ್ಯದಲ್ಲಿ ‘ಕಾವೇರಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ 1-4-2004ರಿಂದ ಈಚಿನ ನೋಂದಣಿಗಳನ್ನು ಮನೆಯಲ್ಲಿ ಕುಳಿತೇ ಹುಡುಕಿಸಬಹುದಾಗಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಆ ದಿನದಿಂದ ಒಂದು ದಿನ ಹಿಂದಕ್ಕೆ ಹೋಗಬೇಕಾದರೂ ಕೈಬರಹದ ಪುಸ್ತಕವನ್ನೇ ತೆಗೆಯಿಸಬೇಕು.

ಆ ಕೈಬರಹದ ಪುಸ್ತಕಗಳನ್ನು ಹೀಗಳೆಯುವದು ಈಗ ರೂಢಿಯಾಗಿದೆ. ನನಗೇನೋ ಅವುಗಳ ಬಗ್ಗೆ ಗೌರವವಿದೆ. 1908ನೆಯ ಇಸ್ವಿಯ ನೋಂದಣಿ ಕಾಯಿದೆಯನ್ನು ಓದಿದವರಿಗೆ ಅದನ್ನು ಬರೆದವರ ಜಾಣತನ ಕಾಣದೆ ಇರದು. ಸ್ಥಿರಾಸ್ತಿಯ ಪತ್ರಗಳೆಲ್ಲ 1ನೆಯ ಪುಸ್ತಕದಲ್ಲಿ, ಮರಣಪತ್ರಗಳು 3ನೆಯದರಲ್ಲಿ. ಪ್ರತಿ ವರ್ಷ 1ನೆಯ ಅಂಕಿಯಿಂದ ಹೊಸ ಸಾಲು ಮೊದಲಾಗಬೇಕು, ವರ್ಷದೊಡನೆ ಅದು ಮುಗಿಯಬೇಕು. 1ನೆಯ ಪುಸ್ತಕಕ್ಕೆ ಎರಡು ಸೂಚಿಗಳು: ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರುಗಳದು ಒಂದು, ಆಸ್ತಿಯ ವಿವರಗಳದು ಇನ್ನೊಂದು. ಪುಸ್ತಕವನ್ನು ಓದದೆಯೇ ಸೂಚಿಯಿಂದ ಪುಟಕ್ಕೆ ಹೋಗಬಹುದು. ಹುಡುಕುವ ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ತೆಗೆದುಕೊಳ್ಳುವದೂ ಇದರಿಂದಲೇ: ಎಷ್ಟು ವರ್ಷಗಳ ಕಟ್ಟು ಬಿಚ್ಚಬೇಕೋ ಅಷ್ಟು ಕೂಲಿ.

ಇನ್ನು ಕಂಪ್ಯೂಟರಿನವರ ಮಾತು. ದಾಖಲೆಗಳು ಒಂದು ಯಂತ್ರದಲ್ಲಿ ಹಿಡಿಸಲಾರದಷ್ಟಾದಾಗ ಅವುಗಳನ್ನು ಅನೇಕ ಯಂತ್ರಗಳಲ್ಲಿ ಹಂಚಿಡುತ್ತಾರೆ. ಯಾವ ದಾಖಲೆ ಯಾವ ಯಂತ್ರಕ್ಕೆಂಬದನ್ನು ಒಂದು ‘ಕೀಲಿ’ ನಿರ್ಣಯಿಸುತ್ತದೆ. ಈ ಹಂಚಿಕೆಗೆ ಅವರು ಕೊಟ್ಟ ಹೆಸರು ಪಾರ್ಟಿಷನ್, ಅಂದರೆ ನಮ್ಮ ವಾಟ್ನಿಯೇ! ವಾಟ್ನಿಯಾದ ಮೇಲೆ ಪ್ರತಿಯೊಂದು ಪಾಲಿನೊಳಗೆ ದಾಖಲೆಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿರುತ್ತಾರೆ. ಆದ್ದರಿಂದ ‘ಇಂಥ ಪಾಲಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಕೇಳಿದರೆ ಯಂತ್ರವು ಸಾಲಿನ ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆಯವರೆಗೆ ಓದಿಬಿಡುತ್ತದೆ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಸಿದ್ಧ. ಪಾಲನ್ನು ಹೇಳದೆ ಬರಿ ತಾರೀಖು ಹೇಳಿದರೆ ಸಂಕಟ ಹುಟ್ಟಿತು. ಆಗ ಎಲ್ಲ ಯಂತ್ರಗಳನ್ನೂ ಕೇಳಬೇಕು, ಎಲ್ಲರ ಉತ್ತರ ಬರುವವರೆಗೆ ಕಾಯಬೇಕು, ಬಂದದ್ದನ್ನು ಮತ್ತೆ ತಾರೀಖಿನ ಪ್ರಕಾರ ಹೊಂದಿಸಬೇಕು. ಎಲ್ಲಕ್ಕಿಂತ ನಿಧಾನವಾದ ಯಂತ್ರ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಉತ್ತರಕ್ಕೂ ಅಷ್ಟು ಹೊತ್ತು. ಒಂದು ಯಂತ್ರ ಕೆಟ್ಟು ನಿಂತಿದ್ದರೆ ಉತ್ತರವೇ ಅಪೂರ್ಣ.

ಹಾಗಾದರೆ ತಾರೀಖನ್ನೇ ಕೀಲಿಯಾಗಿ ಮಾಡಬಾರದೇಕೆ? ಮಾಡಿದರೆ ಈ ದಿನದ ಬರವಣಿಗೆಯೆಲ್ಲ ಒಂದೇ ಯಂತ್ರದ ಮೇಲೆ ಬೀಳುತ್ತದೆ. ಉಳಿದವು ಕೈಕಟ್ಟಿ ಕೂಡುತ್ತವೆ. ಹತ್ತು ಕಿಟಕಿಗಳಿರುವ ಕಚೇರಿಯಲ್ಲಿ ಒಂದರ ಮುಂದೆಯೇ ಸಾಲು ನಿಂತಂತೆ. ಅದಕ್ಕೆಂದೇ ತಿಳಿದವರು ಸ್ಥಳವನ್ನೂ ತಿಂಗಳನ್ನೋ ವರ್ಷವನ್ನೋ ಕೂಡಿಸಿ ಕೀಲಿ ಮಾಡುತ್ತಾರೆ. ಕಚೇರಿಗೊಂದು ಪುಸ್ತಕ, ವರ್ಷಕ್ಕೊಂದು ಸಾಲು ಎಂದು 1908ರಲ್ಲಿ ವಿಧಿಸಿದವರು ಮಾಡಿದ್ದೂ ಇದನ್ನೇ ಅಲ್ಲವೆ?

ಈ ಬಗೆಯ ವ್ಯವಸ್ಥೆಗಳಲ್ಲಿ ಕೆಸಾಂಡ್ರಾ ಎಂಬದೊಂದು ಪ್ರಸಿದ್ಧವಾಗಿದೆ. ಫೇಸ್‌ಬುಕ್ಕಿನವರು ಕಟ್ಟಿ 2008ರಲ್ಲಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದು. (ಟ್ರಾಯ್ ನಗರದ, ನಿಜ ನುಡಿದರೂ ಯಾರೂ ನಂಬದಿದ್ದ ರಾಜಪುತ್ರಿಯ ಹೆಸರಿದು. ದಾಖಲೆಗಳನ್ನಿಡುವ ಯಂತ್ರಕ್ಕೆ ಈ ಹೆಸರನ್ನು ಹೇಗೆ ಆರಿಸಿದರೋ!) ಕೀಲಿಯನ್ನು ಹೇಳದೆ ಬರಿ ತಾರೀಖಿನ ಮೇಲೆ ಹುಡುಕಲು ಹೋದರೆ ಕೆಸಾಂಡ್ರಾ ಸಾಮಾನ್ಯವಾಗಿ ಒಪ್ಪುವದಿಲ್ಲ, ‘ಇದರಿಂದ ಎಷ್ಟು ಹೊತ್ತಾದೀತೆಂದು ಹೇಳಲು ಬಾರದು, ಆದರೂ ಬೇಕೆಂದರೆ ಹಾಗೆಂದು ಬೇರೆಯಾಗಿ ಬರೆದುಕೊಡು’ ಎನ್ನುತ್ತದೆ. ಅಮೆಝಾನಿನವರ ಡೈನಮೊಡಿಬಿಯಲ್ಲಿಯೂ ಪಾಲಿನ ಕೀಲಿಯನ್ನು ಖಚಿತವಾಗಿ ಹೇಳಿದ ಮೇಲೆಯೇ ತಾರೀಖಿನ ಹರವನ್ನು ಕೇಳಬಹುದು. ನಮ್ಮ ನೋಂದಣಿಯ ಕಂಪ್ಯೂಟರು ಯಾವದರ ಮೇಲೆ ನಿಂತಿದ್ದರೂ ನನ್ನ ವಾದಕ್ಕೆ ಬಾಧೆಯಿಲ್ಲ. ಕಾಗದವಿರಲಿ ಯಂತ್ರವಿರಲಿ, ಹಂಚಿಟ್ಟ ದಾಖಲೆಗಳ ಸ್ವಭಾವವೇ ಹೀಗೆ: ಎಲ್ಲಿ ಎಂಬದನ್ನು ಬಲ್ಲವನಿಗೆ ಯಾವಾಗ ಎಂಬದು ಸುಲಭ. ಬಲ್ಲವನಲ್ಲದವನು ಏನು ಮಾಡಬೇಕು?

ನನ್ನ ತಾಯಿಯ ತವರುಮನೆಯ ಆಸ್ತಿ ಮೂರು ಕಡೆ ಹರಿದು ಹಂಚಿದೆ. ಕಲಘಟಗಿ ತಾಲೂಕಿನಲ್ಲಿ ಹೊಲ, ಶಿಗ್ಗಾವಿ ತಾಲೂಕಿನಲ್ಲಿ ಇನ್ನೊಂದು ತುಂಡು, ಹುಬ್ಬಳ್ಳಿಯಲ್ಲೊಂದು ಜಾಗ. ಅವ್ವ ಒಮ್ಮೆ ತನ್ನ ಪಾಲಿನ ಮಾತೆತ್ತಿದಾಗ ಮಾವ, “ವಾಟ್ನಿ ಹಿಂದಕ್ಕ ಆಗೇತವಾ ತಂಗಿ” ಎಂದುಬಿಟ್ಟ. ಯಾವಾಗ, ಎಲ್ಲಿ ಎಂಬದಕ್ಕೆ ಉತ್ತರವಿಲ್ಲ. ಅವ್ವನಿಗೆ ಅಣ್ಣನೊಡನೆ ಕೋರ್ಟು ಹತ್ತುವ ಮನಸ್ಸಿಲ್ಲ. “ಜಗಳ ಬ್ಯಾಡ. ಆಗೇತೋ ಇಲ್ಲೋ ಅನ್ನೂದಷ್ಟ ಗೊತ್ತಾದ್ರ ಸಾಕು” ಎನ್ನುತ್ತಾಳೆ. ನಾವಿಬ್ಬರೂ ಒಂದು ಕಚೇರಿಗೆ ಹೋದೆವು. ಅಲ್ಲಿಯವರು ಸೌಜನ್ಯದಿಂದಲೇ ಯಾವ ವರ್ಷದ್ದು ಹೇಳಿರಿ ಎಂದರು. “ಯಾವ ವರ್ಷ ಅಂತ ಗೊತ್ತಿದ್ದರ ನಾ ಇಲ್ಲಿಗೆ ಯಾಕ ಬರತಿದ್ದೆರಿ, ಸಾಹೇಬರ?” ಎಂದಳು ಅವ್ವ. ಎರಡು ಕಡೆಯವರ ಮಾತಿನಲ್ಲಿಯೂ ತಪ್ಪಿರಲಿಲ್ಲ. ವರ್ಷ ಗೊತ್ತಿಲ್ಲದೆ ಅವರು ಪುಸ್ತಕ ತೆಗೆಯಲಾರರು. ಪುಸ್ತಕ ತೆಗೆಯದೆ ನಮಗೆ ವರ್ಷ ಗೊತ್ತಾಗದು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಹೆಣ್ಣುಮಕ್ಕಳ ಪಾಲಿನ ಕಾಯಿದೆಯೇ ತಾರೀಖುಗಳ ಮೇಲೆ ನಿಂತಿದೆ. ಕರ್ನಾಟಕದ ತಿದ್ದುಪಡಿ 30-7-1994ರಂದು ಜಾರಿಗೆ ಬಂದಿತು. ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಅದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. ಕೇಂದ್ರದ ತಿದ್ದುಪಡಿ 9-9-2005ರಿಂದ ಮದುವೆಯಾದವರನ್ನೂ ಸೇರಿಸಿಕೊಂಡಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದೂ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲವೆಂದೂ ಹೇಳಿತು. ಆದರೆ ಕೇಂದ್ರದ ಕಾಯಿದೆಯಲ್ಲಿ ಒಂದು ಗೆರೆಯಿದೆ. 20-12-2004ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆದ ವಾಟ್ನಿಯನ್ನು ಅದು ಮುಟ್ಟುವದಿಲ್ಲ. ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದ ದಿನವದು. ಸುದ್ದಿ ಕೇಳಿ ಅವಸರದಲ್ಲಿ ವಾಟ್ನಿ ಮಾಡಿಕೊಳ್ಳುವವರನ್ನು ತಡೆಯಲು ಆ ಗೆರೆ.

ಈಗ ಎರಡು ತಾರೀಖುಗಳನ್ನು ಪಕ್ಕದಲ್ಲಿಟ್ಟು ನೋಡಿರಿ. ಮಗಳು ಕೇಳಬೇಕಾದದ್ದು 20-12-2004ರ ಹಿಂದೆ ನೋಂದಾಯಿತ ವಾಟ್ನಿ ಆಯಿತೋ ಇಲ್ಲವೋ ಎಂದು. ಕಂಪ್ಯೂಟರು ಬಲ್ಲದ್ದು 1-4-2004ರಿಂದ ಈಚೆಗೆ. ಅಂದರೆ ಅವಳಿಗೆ ಬೇಕಾದ ಕಾಲದಲ್ಲಿ ಯಂತ್ರದೊಳಗಿರುವದು ಒಂಬತ್ತು ತಿಂಗಳೂ ತುಂಬದಷ್ಟು! ಉಳಿದದ್ದೆಲ್ಲ ಕೈಬರಹದ ಪುಸ್ತಕಗಳಲ್ಲಿ. ಬ್ಯಾಂಕಿನವರ 13 ವರ್ಷ ಈಗ ಪೂರ್ತಿ ಯಂತ್ರದೊಳಗೆ ಬಂದಿದೆ. ಸಾಲದ ಗಿರಾಕಿಗೆ ತೊಂದರೆಯಿಲ್ಲ. ತವರಿನ ಪಾಲು ಕೇಳುವವಳ ಪ್ರಶ್ನೆ ಮಾತ್ರ ಕತ್ತಲೆಯ ಕೋಣೆಯಲ್ಲಿಯೇ ಉಳಿದಿದೆ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲವೆಂದು ಬಲ್ಲೆನು. ಪರಿಣಾಮವಂತೂ ಹೀಗಾಗಿದೆ.

ಇನ್ನು ಸ್ಥಳದ ತೊಡಕು. ಆಸ್ತಿ ಹಲವು ಕಚೇರಿಗಳ ವ್ಯಾಪ್ತಿಯಲ್ಲಿ ಹರಡಿದ್ದರೆ ಪತ್ರವನ್ನು ಅವುಗಳಲ್ಲಿ ಯಾವದೊಂದರಲ್ಲಾದರೂ ನೋಂದಾಯಿಸಬಹುದೆಂದು 28ನೆಯ ಕಲಮು. ಉಳಿದ ಕಚೇರಿಗಳಿಗೆ ಟಿಪ್ಪಣಿ ಕಳಿಸಬೇಕೆಂದೂ, ಅವರು ಅದನ್ನು ತಮ್ಮ 1ನೆಯ ಪುಸ್ತಕದಲ್ಲಿ ಸೇರಿಸಿಕೊಳ್ಳಬೇಕೆಂದೂ 64ನೆಯ ಕಲಮು. ಬೇರೆ ಜಿಲ್ಲೆಯಾದರೆ 65ನೆಯ ಕಲಮಿನಂತೆ ಪತ್ರದ ಪ್ರತಿಯು ಆ ಜಿಲ್ಲೆಯ ರಜಿಸ್ಟ್ರಾರರ ಮೂಲಕ ಹಾಯ್ದು ಬರಬೇಕು. ಒಂದು ಕಡೆ ಬರೆದದ್ದನ್ನು ಬೇರೆ ಕಡೆಗಳಲ್ಲಿ ಪ್ರತಿ ಇಡುವದು ಹಂಚಿಟ್ಟ ವ್ಯವಸ್ಥೆಗಳ ಇಂದಿನ ಪದ್ಧತಿಯೂ ಹೌದು. ಪ್ರತಿ ತಲುಪುವದು ತಡವಾದರೆ ಒಂದೇ ವಾರದಲ್ಲಿ ಒಂದೇ ಪ್ರಶ್ನೆಗೆ ಎರಡು ಕಡೆ ಎರಡು ಉತ್ತರ ಬಂದಾವು. ಯಂತ್ರಗಳಲ್ಲಿ ಅದು ಕ್ಷಣಗಳ ಮಾತು, ಕಾಗದದಲ್ಲಿ ತಿಂಗಳುಗಳ ಮಾತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಜಿಲ್ಲೆಗಳು ಬೇರೆಯಾದವು. ಕಲಘಟಗಿ ಧಾರವಾಡದಲ್ಲಿ ಉಳಿಯಿತು, ಶಿಗ್ಗಾವಿ ಹಾವೇರಿಗೆ ಸೇರಿತು. ಹೊಲಗಳು ಇದ್ದಲ್ಲಿಯೇ ಇದ್ದವು. ಅವುಗಳ ಕಾಗದಗಳ ನಡುವೆ ಜಿಲ್ಲೆಯ ಗಡಿ ಬಂದು ಮಲಗಿತು. 2024ರಿಂದ ಜಿಲ್ಲೆಯೊಳಗಿನ ಯಾವ ಸಬ್ ರಜಿಸ್ಟ್ರಾರ ಕಚೇರಿಯಲ್ಲಾದರೂ ನೋಂದಾಯಿಸಬಹುದೆಂದು ಸರಕಾರ ಅನುಕೂಲ ಮಾಡಿದೆ. ಬರೆಸುವವರಿಗೆ ಇದು ಒಳ್ಳೆಯದೇ. ಆದರೆ ಹೊಲ ಎಲ್ಲಿಯೋ ಕಾಗದವೂ ಅಲ್ಲಿಯೇ ಎಂಬ ಹಳೆಯ ನಂಬಿಗೆ ಇನ್ನು ಸಾಲದು. ಹುಡುಕುವವರು ಎಲ್ಲ ಕಚೇರಿಗಳನ್ನೂ ಒಮ್ಮೆಲೆ ಕೇಳುವಂತಾಗಬೇಕು.

ಎಲ್ಲಕ್ಕೂ ಸೂಕ್ಷ್ಮವಾದ ತೊಡಕು ತಾರೀಖಿನದೇ. ಒಂದು ಪತ್ರಕ್ಕೆ ಎರಡು ತಾರೀಖುಗಳುಂಟು: ಬರೆದುಕೊಟ್ಟ ದಿನ, ನೋಂದಾಯಿಸಿದ ದಿನ. ಬರೆದ ನಾಲ್ಕು ತಿಂಗಳೊಳಗೆ ಕಚೇರಿಗೆ ತರಬೇಕೆಂದು 23ನೆಯ ಕಲಮು. ತಡವಾದರೆ ದಂಡ ಕೊಟ್ಟು ಇನ್ನೂ ನಾಲ್ಕು ತಿಂಗಳೊಳಗೆ ತರಬಹುದೆಂದು 25ನೆಯದು. ಪುಸ್ತಕದ ಸಾಲು ನಡೆಯುವದು ನೋಂದಣಿಯ ಕ್ರಮದಲ್ಲಿ. ಆದರೆ 47ನೆಯ ಕಲಮಿನ ಪ್ರಕಾರ ಪತ್ರದ ಪರಿಣಾಮ ಹಿಂದಕ್ಕೆ ಹೋಗುತ್ತದೆ. ನೋಂದಣಿ ಬೇಕಿರದಿದ್ದರೆ ಅದು ಯಾವಾಗಿನಿಂದ ನಡೆಯುತ್ತಿತ್ತೋ ಆವಾಗಿನಿಂದಲೇ ನಡೆಯುತ್ತದೆ. 10-12-2004ರಂದು ಒಂದು ವಾಟ್ನಿಪತ್ರ ಬರೆದು 2005ರ ಮಾರ್ಚಿನಲ್ಲಿ ನೋಂದಾಯಿಸಿದರೆಂದು ತಿಳಿಯಿರಿ. ಗೆರೆಯ ದಿನದವರೆಗಷ್ಟೇ ಹುಡುಕಿದವಳಿಗೆ ಅದು ಕಾಣುವದಿಲ್ಲ; ಏನೂ ಇಲ್ಲವೆಂದು 16ನೆಯ ನಮೂನೆ ಹಿಡಿದು ಸಂತೋಷದಿಂದ ಮನೆಗೆ ಹೋಗುತ್ತಾಳೆ. 2005ರ ಆಗಸ್ಟ್ ಕಳೆಯುವವರೆಗೆ ಹುಡುಕಿಸಿದ್ದರೆ ಕಾಣುತ್ತಿತ್ತು. ಅಂಥ ಪತ್ರ ಗೆರೆಯ ಈಚೆಯದೋ ಆಚೆಯದೋ ಎಂಬದನ್ನು ನ್ಯಾಯಾಲಯ ಹೇಳಲಿ. ಹುಡುಕುವವಳ ಕಣ್ಣಿಗಾದರೂ ಅದು ಬೀಳಬೇಡವೆ? ಘಟನೆ ನಡೆದ ಹೊತ್ತು ಬೇರೆ, ಅದು ದಾಖಲಾದ ಹೊತ್ತು ಬೇರೆಯೆಂಬದು ಕಂಪ್ಯೂಟರಿನವರಿಗೆ ಮೊದಲ ಪಾಠ. ತಡವಾಗಿ ಬರುವ ದಾಖಲೆಗಳಿಗಾಗಿ ಅವರು ಹುಡುಕುವ ಅವಧಿಯ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದೇ ಇಡುತ್ತಾರೆ. ನಮ್ಮ ಅರ್ಜಿಯ ನಮೂನೆಯಲ್ಲಿಯೂ ‘ಎರಡು ತಾರೀಖುಗಳಲ್ಲಿ ಯಾವದರ ಪ್ರಕಾರ ಹುಡುಕಬೇಕು?’ ಎಂದು ಒಂದು ಸಾಲು ಸೇರಿಸಲು ಎಷ್ಟು ಮಸಿ ಬೇಕಾದೀತು?

‘ಇಲ್ಲ’ ಎಂಬ ಉತ್ತರದ ಬಗ್ಗೆಯೂ ಒಂದು ಮಾತು. ಇಂಥ ಕಚೇರಿಯ ಇಂಥ ಅವಧಿಯ ಸೂಚಿಗಳಲ್ಲಿ ಹುಡುಕಿದೆವು, ದೊರೆಯಲಿಲ್ಲ ಎಂಬದಷ್ಟೇ ಅದರ ಅರ್ಥ. ಹಳ್ಳಿಯವರು ಅದನ್ನು ‘ಎಲ್ಲಿಯೂ ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಯಾವ ಯಾವ ಕಚೇರಿಗಳನ್ನು ಕೇಳಲಾಯಿತು, ಯಾವದನ್ನು ಕೇಳಲಿಲ್ಲ, ಯಾವ ವರ್ಷದ ಪುಸ್ತಕ ಜೀರ್ಣವಾಗಿ ಓದಲಾಗಲಿಲ್ಲ ಎಂಬದನ್ನು ಪ್ರಮಾಣಪತ್ರದ ಮೇಲ್ಭಾಗದಲ್ಲಿಯೇ ದಪ್ಪಕ್ಷರಗಳಲ್ಲಿ ಬರೆಯಬೇಕು. ಅಪೂರ್ಣವಾದ ಉತ್ತರದಿಂದ ಅಷ್ಟು ಹಾನಿಯಿಲ್ಲ. ಪೂರ್ಣವಾದದ್ದರ ವೇಷದಲ್ಲಿ ಬಂದ ಅಪೂರ್ಣ ಉತ್ತರದಿಂದ ಮನೆಗಳು ಒಡೆಯುತ್ತವೆ.

ಮಾಡಬೇಕಾದದ್ದೇನು? ಕಂದಾಯ ಇಲಾಖೆಯವರು ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲೂಕು ಕಚೇರಿಗಳ ಹಳೆಯ ಕಾಗದಗಳ ಚಿತ್ರ ತೆಗೆಯಿಸುತ್ತಿದ್ದಾರೆ. ಕಾಗದವನ್ನು ಹುಳುವಿನಿಂದ, ಬೆಂಕಿಯಿಂದ ಉಳಿಸಲು ಇದು ಅತ್ಯವಶ್ಯ. ಆದರೆ ಚಿತ್ರಕ್ಕೆ ತಾರೀಖು ಗೊತ್ತಿಲ್ಲ, ಹೆಸರು ಗೊತ್ತಿಲ್ಲ, ಸರ್ವೇ ನಂಬರು ಗೊತ್ತಿಲ್ಲ. ಯಾರಾದರೂ ಅವುಗಳನ್ನು ಓದಿ ಬರೆಯುವವರೆಗೆ ಅದು ಟ್ರಂಕಿನಲ್ಲಿಟ್ಟ ಫೋಟೋ ಇದ್ದಂತೆ. ಆದ್ದರಿಂದ ಸಬ್ ರಜಿಸ್ಟ್ರಾರ ಕಚೇರಿಗಳಲ್ಲಿ ಪುಸ್ತಕಗಳ ಚಿತ್ರಕ್ಕಿಂತ ಮೊದಲು ಸೂಚಿಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂಬದು ನನ್ನ ಆಗ್ರಹ. ಸೂಚಿಯಲ್ಲಿ ಒಂದು ಪತ್ರಕ್ಕೆ ಬೇಕಾಗುವದು ಒಂದೆರಡು ಸಾಲು, ಪುಸ್ತಕದಲ್ಲಿ ಪುಟಗಳು. ಸೂಚಿ ಏರಿದರೆ ಪುಸ್ತಕ ಕಪಾಟಿನಲ್ಲಿಯೇ ಇದ್ದರೂ ‘ಇಂಥ ವರ್ಷದ ಇಂಥ ಪತ್ರ ನೋಡಿರಿ’ ಎಂಬ ಉತ್ತರ ಬಂದೀತು. ಅವ್ವನಂಥವರಿಗೆ ಬೇಕಾದದ್ದೂ ಅಷ್ಟೇ.

ಇದರಿಂದ ಎಲ್ಲರ ಆಸ್ತಿ ಎಲ್ಲರಿಗೂ ಬಯಲಾದೀತು, ದಲ್ಲಾಳಿಗಳಿಗೆ ಹಬ್ಬವಾದೀತು ಎಂದು ಕೆಲವರು ಹೇಳಬಹುದು. 1ನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕೊಟ್ಟ ಯಾರೇ ಆಗಲಿ ನೋಡಬಹುದೆಂದು 57ನೆಯ ಕಲಮು ಮೊದಲೇ ಹೇಳಿದೆ. ಆದರೂ ಆಕ್ಷೇಪದಲ್ಲಿ ಹುರುಳಿದೆ. ಆಸ್ತಿಯ ವಿವರದಿಂದ ಹುಡುಕುವದು ಎಲ್ಲರಿಗೂ ಇರಲಿ. ಹೆಸರಿನಿಂದ ಹುಡುಕುವದು ಸಂಬಂಧಪಟ್ಟವರಿಗಷ್ಟೇ ಇರಲಿ.

ಈ ಕೆಲಸ ಯಾರು ಮಾಡಬೇಕು? ಎಂಜಿನಿಯರಿಂಗ್ ಕಾಲೇಜಿನವರು ಯಂತ್ರ ಕಟ್ಟಿಕೊಟ್ಟಾರು, ಓದುವದು ಅವರಿಂದಾಗದು. ನಮ್ಮ ಭಾಗ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಹಿಂದಕ್ಕೆ ಹೋದಂತೆ ಕನ್ನಡದೊಡನೆ ಮರಾಠಿ ಬರುತ್ತದೆ, ಮೋಡಿ ಲಿಪಿ ಬರುತ್ತದೆ, ಇಸ್ವಿಯ ಬದಲು ಫಸಲಿ ಬರುತ್ತದೆ. ಫಸಲಿಗೆ 590 ಕೂಡಿಸಿದರೆ ಇಸ್ವಿ. ಆದರೆ ಫಸಲಿಯ ವರ್ಷ ಮುಂಗಾರಿನ ಹೊತ್ತಿಗೆ ಮೊದಲಾಗುವದರಿಂದ 1320ನೆಯ ಫಸಲಿ 1910ರಲ್ಲೊಂದು ಕಾಲು, 1911ರಲ್ಲೊಂದು ಕಾಲು ಇಟ್ಟು ನಿಂತಿರುತ್ತದೆ. ಅದನ್ನು ಯಾವ ಯಂತ್ರ ತಾನಾಗಿ ತಿಳಿದೀತು? ಇತಿಹಾಸ, ಕನ್ನಡ, ಮರಾಠಿ ಓದಿದವರ ಕೆಲಸವಿದು. ಬಿ.ಎ. ಮಾಡಿ ಏನು ಮಾಡುತ್ತೀರೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಹೊಳೆದಿಲ್ಲ.

ಎಲ್ಲವನ್ನೂ ಒಮ್ಮೆಲೆ ಮಾಡುವದಾಗದು. 30-7-1994ರಿಂದ 31-3-2004ರವರೆಗಿನ ಸೂಚಿಗಳಿಂದ ಮೊದಲು ಮಾಡೋಣ. ಹೆಣ್ಣುಮಕ್ಕಳಿಗೆ ಕಾಯಿದೆ ಕೊಟ್ಟ ದಿನ ಒಂದು ತುದಿ, ಕಂಪ್ಯೂಟರು ಬಂದ ದಿನ ಇನ್ನೊಂದು ತುದಿ. 30 ವರ್ಷಗಳ ಇ.ಸಿ. ಕೇಳುವವರಿಗೂ ಇದೇ ಅವಧಿ ಬೇಕಾಗುತ್ತದೆ. ಕೈಬರಹವೂ ಈಚಿನದು, ಹೊಸಬರಿಗೆ ಅಭ್ಯಾಸವಾದೀತು, ಮೋಡಿಯ ವರೆಗೆ ಹೋಗಲು ಆಮೇಲೆ ಧೈರ್ಯವೂ ಬಂದೀತು. ನಮ್ಮ ಇತಿಹಾಸ ವಿಭಾಗದ ಗುರುಗಳು ಜಿಲ್ಲಾ ರಜಿಸ್ಟ್ರಾರರಿಗೆ ಒಂದು ಪತ್ರ ಬರೆದು, ಯಾವುದಾದರೊಂದು ಕಚೇರಿಯ ಒಂದೇ ವರ್ಷದ ಆಸ್ತಿಸೂಚಿಯನ್ನು, ಅವರ ಸಿಬ್ಬಂದಿಯ ಕಣ್ಣೆದುರಿಗೇ ಕುಳಿತು ಬರೆಯಲು ನಮಗೆ ಅನುಮತಿ ಕೊಡಿಸಬೇಕೆಂದು ವಿನಂತಿಸುತ್ತೇನೆ. ಬೇಸಿಗೆಯ ರಜೆಯಲ್ಲಿ ಬರಲು ನಮ್ಮ ವರ್ಗದ ಹನ್ನೊಂದು ಜನ ಈಗಲೇ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಏಳು ಜನ ಹೆಣ್ಣುಮಕ್ಕಳು.